ಮುಂದಿನ ಚಕ್ರ

ಲಿವೆನ್,

ಇವತ್ತು ಬೆಳಿಗ್ಗೆ ನಿನ್ನನ್ನು ಮಣ್ಣು ಮಾಡಿ ಬಂದೆವು. ನೀನು ಫ್ಲಾಂಡರ್ಸಿನ ದೊಡ್ಡ ರೇಸ್ ಗೆದ್ದ ಸೈಕಲ್ಲು ಚರ್ಚಿನಲ್ಲಿ ಶವಪೆಟ್ಟಿಗೆಯ ಪಕ್ಕ ಇರಬೇಕೆಂದು ನಿನ್ನ ಮಗಳು ಗೋಡೆಲೀವ್ ಹಟ ಹಿಡಿದಳು. ಅದಕ್ಕೆ ಸ್ಟ್ಯಾಂಡ್ ಎಲ್ಲಿದೆ? "ಓಮೆರ್ ಮಾಮ, ನೀವೇ ಹಿಡ್ಕೊಂಡಿರಿ. ಅಪ್ಪಂಗೆ ಯಾವಾಗ್ಲೂ ನೀವೇ ತಾನೆ ಇದ್ದಿದ್ದು," ಎಂದಳು. ಹಿಡಿದು ನಿಂತೆ. ಹನ್ನೊಂದು ವರ್ಷ ನಿನ್ನ ಮುಂದೆ ಸೈಕಲ್ ತುಳಿದು ಗಾಳಿ ತಡೆದವನಿಗೆ ಒಂದು ಗಂಟೆ ಏನು ಮಹಾ!

ಮುಂದಿನ ಚಕ್ರದ ನಡುವಿನ ಗುಂಬಕ್ಕೆ ಸುತ್ತಿದ ಆ ಚರ್ಮದ ಪಟ್ಟಿ ಇನ್ನೂ ಇದೆ. ಧೂಳು ಕೂರದಿರಲೆಂದು ನನ್ನಪ್ಪ ತನ್ನ ಹಳೇ ಬೆಲ್ಟು ಕತ್ತರಿಸಿ ನನ್ನ ಸೈಕಲ್ಲಿಗೆ ಕಟ್ಟಿದ್ದು. ಆ ರೇಸಿನ ದಿನ ಕಲ್ಲುಹಾಸಿನ ದಾರಿಯಲ್ಲಿ ನಿನ್ನ ಮುಂದಿನ ಚಕ್ರ ಪಂಚರಾದಾಗ "ನಿಂದು ಬಿಚ್ಚೋ, ಬೇಗ!" ಎಂದು ನೀನು ಅರಚಿದೆ. ಬಿಚ್ಚಿ ಕೊಟ್ಟೆ. ಅದಕ್ಕೇ ತಾನೆ ನನ್ನನ್ನು ತಂಡದಲ್ಲಿ ಇಟ್ಟುಕೊಂಡಿದ್ದು. ತಂಡದ ಕಾರು ನನಗೆ ಬೇರೆ ಚಕ್ರ ಕೊಡಲು ನಿಲ್ಲದೆ ನಿನ್ನ ಹಿಂದೆಯೇ ಹೋಯಿತು. ನಾನು ಹಿಂದುಳಿದವರನ್ನು ತುಂಬಿಕೊಳ್ಳುವ ವ್ಯಾನು ಹತ್ತಿದೆ.

ಮುಂದಿನ ಊರು ನಮ್ಮದು. ನಾನು ಸೈಕಲ್ಲಿನಲ್ಲಿ ಹೋಗುವುದನ್ನು ನೋಡಲೆಂದು ಬೇಕರಿಯೆದುರು ಕುರ್ಚಿ ಹಾಕಿ ಅಪ್ಪನನ್ನು ಕೂರಿಸಿದ್ದರು, ಆಸ್ಪತ್ರೆಯಿಂದ ಅರ್ಧ ದಿನದ ಮಟ್ಟಿಗೆ ಕರೆತಂದು. ನಾನು ವ್ಯಾನಿನೊಳಗೆ ತಲೆ ಬಗ್ಗಿಸಿಕೊಂಡು ಅವನೆದುರೇ ದಾಟಿಹೋದೆ. ಮರುವಾರ ಅಪ್ಪ ತೀರಿಕೊಂಡ. ಚಕ್ರ ನೀನು ಹಿಂದಿರುಗಿಸಲಿಲ್ಲ, ನಾನೂ ಕೇಳಲಿಲ್ಲ.

ಪೂಜೆ ಮುಗಿದ ಮೇಲೆ ಗೋಡೆಲೀವ್ ಬಗ್ಗಿ ಆ ಪಟ್ಟಿಯನ್ನು ಸವರಿದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು.

"ಇದನ್ನ ಯಾರು ಕಟ್ಟಿದ್ದು ಮಾಮ?"

"ನಿಮ್ಮಪ್ಪನೇ ಕಣಮ್ಮಾ," ಎಂದೆ.

ತಗೋ ಲಿವೆನ್, ಅದನ್ನೂ ಇಟ್ಟುಕೋ.