ತುತ್ತು ಕಾಣದ ಕೌದಿ

ಹಳೇ ಹುಬ್ಬಳ್ಳಿ,
೩೦ ಅಕ್ಟೋಬರ್ ೧೯೬೧, ಸೋಮವಾರ

ಹೆಬ್ಬಳ್ಳಿಯ ಉಡಚಕ್ಕನಿಗೆ ತಮ್ಮ ಹುಲಗಪ್ಪನ ನಮಸ್ಕಾರ.

ಅಕ್ಕಾ, ನೀನು ನಿನ್ನೆ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಕೇಳಿದ ಮಾತಿಗೆ ನಾನು ಉತ್ತರ ಕೊಟ್ಟಿರಲಿಲ್ಲ. ಮದುವೆಯಾದ ಮಗಳನ್ನು ಇನ್ನೆಷ್ಟು ದಿನ ಮನೆಯಲ್ಲಿ ಇಟ್ಟುಕೊಳ್ಳುತ್ತೀ ಅಂತ ಕೇಳಿದೆ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ, ನಾನು ಪಾರಾದೆ. ಕ್ಷೇಮ ಸಮಾಚಾರದ ಸಾಲುಗಳನ್ನು ಇವತ್ತು ಬಿಡುತ್ತೇನೆ. ನಮ್ಮ ಕ್ಷೇಮವನ್ನೆಲ್ಲ ನೀನೇ ಕಣ್ಣಾರೆ ನೋಡಿ ಹೋಗಿದ್ದೀ.

ಶೇವಂತಿಯನ್ನು ದೀಪಾವಳಿಯ ಪಾಡ್ಯಕ್ಕೆ ಗಂಡನ ಮನೆಗೆ ಕಳಿಸುತ್ತೇನೆ ಅಂತ ಮೊದಲೇ ಅಂದಿದ್ದೆ. ನಿನಗೆ ಪಾಡ್ಯದ ತನಕ ತಾಳ್ಮೆ ಇರಲಿಲ್ಲ. ಇವತ್ತು ಮಧ್ಯಾಹ್ನ ನಾನು ಆಫೀಸಿನಿಂದ ಮನೆಗೆ ಬಂದರೆ ಗದುಗಿನಿಂದ ನಿಮ್ಮೂರಿಗೆ ಬಂದಿದ್ದ ಅವಳ ಗಂಡ ಗಿರಿಯಪ್ಪ, ನೀನು ಕಳಿಸಿದವನು, ಬಾಗಿಲಲ್ಲಿ ನಿಂತಿದ್ದಾನೆ. ಈಗ ಎದುರು ಮನೆಯ ಮದೀನಾಬಿಯ ಕಟ್ಟೆಯ ಮೇಲೆ ಕೂತಿದ್ದಾನೆ. ಅಳಿಯನನ್ನು ಒಳಗೆ ಕರೆಯದೆ ಓಣಿಯಲ್ಲಿ ಕೂರಿಸಿದ್ದಾರೆ ಅಂತ ನೀರಿಗೆ ಹೋಗುವವರೆಲ್ಲ ಕೊಡ ಹೊತ್ತುಕೊಂಡೇ ನಿಂತು ನೋಡುತ್ತಿದ್ದಾರೆ. ಅಕ್ಕನಿಗೆ ಕಾಗದ ಬರೆದು ಕೊಡುತ್ತೇನೆ, ಅದೇ ನನ್ನ ಉತ್ತರ ಅಂತ ಅವನಿಗೆ ಹೇಳಿದ್ದೇನೆ. ಧಾರವಾಡದಿಂದ ನಿಮ್ಮೂರಿಗೆ ಹೋಗುವ ಕೊನೆಯ ಬಸ್ಸು ಸಿಗಬೇಕಾದರೆ ಕತ್ತಲಾಗುವ ಮೊದಲು ಅವನು ಇಲ್ಲಿಂದ ಏಳಬೇಕು. ಒಬ್ಬನೇ ಏಳುತ್ತಾನೋ, ಶೇವಂತಿಯನ್ನು ಹಿಂದೆ ಕರೆದುಕೊಂಡು ಏಳುತ್ತಾನೋ, ಅದು ಈ ಕಾಗದ ಮುಗಿಯುವುದರೊಳಗೆ ತೀರ್ಮಾನವಾಗಬೇಕು. ಅವಳು ಟ್ರಂಕು ತುಂಬಿಟ್ಟುಕೊಂಡು ಒಳಗೆ ಗೋಡೆಗೆ ಒರಗಿ ಕೂತಿದ್ದಾಳೆ. ಏನು ಬರೆಯುತ್ತಿದ್ದೀ ಅಂತ ಕೇಳಿಲ್ಲ.

ನಾನು ಸುತ್ತಿ ಸುತ್ತಿ ಬರುತ್ತೇನೆ, ಸಿಟ್ಟಾಗಬೇಡ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಪ್ರೊಫೆಸರರೂ ಇದನ್ನೇ ಅನ್ನುತ್ತಿದ್ದರು, ಮಿಸ್ಟರ್ ಹುಲಗಪ್ಪ, ಕಮ್ ಟು ದ ಪಾಯಿಂಟ್ ಅಂತ. ಪಾಯಿಂಟಿಗೆ ಬರುವುದರೊಳಗೆ ಇಂಟರ್ ಪರೀಕ್ಷೆಯೇ ಮುಗಿದುಹೋಯಿತು.

ಕೌದಿಗಳಿಂದ ಶುರು ಮಾಡುತ್ತೇನೆ. ನಾಲ್ಕನ್ನೂ ನೀನು ನಿನ್ನೆ ನೋಡಿದೆ. ದೀಪಾವಳಿಗೆ ತಿರುಗಿ ಬರುವುದಾದರೆ ಬರಿಗೈಲಿ ಬರಬಾರದು, ಕೈಯಾರೆ ಹೊಲಿದ ಕೌದಿ ತರಬೇಕು ಅಂತ ಗದುಗಿನ ಗಂಡನ ಮನೆಯಿಂದ ಹೇಳಿ ಕಳಿಸಿದ್ದರಲ್ಲ. ಅತ್ತೆಗೆ ಒಂದು, ಗಿರಿಯಪ್ಪನಿಗೆ ಒಂದು, ಮೈದುನನಿಗೆ ಒಂದು. ನಾಲ್ಕನೆಯದು ನಿನಗೆ. ಅದನ್ನು ಯಾರೂ ಕೇಳಿರಲಿಲ್ಲ, ಶೇವಂತಿ ತಾನಾಗಿಯೇ ಹಿಡಿದಳು. ಶೇವಂತಿಯ ಅವ್ವ ಗುಡ್ಡವ್ವ ತೀರಿಹೋದ ಮೇಲೆ ನಾನು ಮುಟ್ಟದೆ ಇಟ್ಟಿದ್ದ ಅವಳ ಬಟ್ಟೆಯ ಪೆಟ್ಟಿಗೆ ಇದಕ್ಕಾಗಿ ಬರಿದಾಯಿತು. ಅವಳ ಹಸಿರು ಇಳಕಲ್ಲ ಸೀರೆಯ ಸೆರಗು ಅತ್ತೆಯ ಕೌದಿಯ ನಡುವೆ ಹೋಯಿತು. ನಾನು ಕಾಲೇಜಿಗೆ ಹಾಕಿಕೊಂಡು ಹೋಗುತ್ತಿದ್ದ ಕರಿ ಕೋಟಿನ ತೋಳುಗಳು ಅಳಿಯನ ಕೌದಿಗೆ ಹೋದವು. ಒಳಪದರಿಗೆ ನನ್ನ ಹಳೆಯ ಧೋತರಗಳೇ ಆದವು. ಉಡಲು ಈಗ ಎರಡು ಉಳಿದಿವೆ. ಇರಲಿ.

ಹುಡುಗಿಯ ಕೈ ಬಹಳ ನಿಧಾನ, ಬೇಕಂತಲೇ ಎಳೆಯುತ್ತಾಳೆ ಅಂತ ನೀನು ಬೈದೆ. ನಾಲ್ಕೂ ಕೌದಿಗಳ ಒಂದೊಂದು ಮೂಲೆ ಹೊಲಿಯದೆ ಬಾಯಿ ಬಿಟ್ಟುಕೊಂಡಿತ್ತು. ಆ ಬಾಯಿಗೆ ಮನೆಯ ಹಿರಿಯರು ಸಿಹಿಯ ತುತ್ತೊಂದನ್ನು ಇಟ್ಟ ಮೇಲೆ ಮುಚ್ಚಿ ಹೊಲಿಯಬೇಕು, ಹಸಿದ ಕೌದಿಯನ್ನು ಹೊಸ್ತಿಲು ದಾಟಿಸಬಾರದು ಅಂತ ನನಗೆ ತಿಳಿಸಿ ಹೇಳಿದವಳೂ ನೀನೇ. ಗುಡ್ಡವ್ವ ಇದ್ದಾಗ ತುತ್ತು ಇಡುವ ಕೆಲಸ ಅವಳದು, ನಾನು ಯಾಕೆ ನೋಡಲಿ? ಈಗ ಹಿರಿಯ ಅಂದರೆ ನಾನೊಬ್ಬನೇ. ಹೋಳಿಗೆಯನ್ನು ನೀನೇ ಗಂಟು ಕಟ್ಟಿಕೊಂಡು ಬಂದಿದ್ದೆ. ತಡ ಮಾಡದೆ ತುತ್ತು ಇಡು, ಅವಳು ಹೊಲಿಗೆ ಮುಗಿಸಲಿ, ಹೊರಡಲಿ ಅಂದೆ.

ನಿನ್ನ ಮಾತಿನಂತೆಯೇ ಆಗುವುದಿತ್ತು. ಇವತ್ತು ಬೆಳಿಗ್ಗೆ ಶೇವಂತಿ ನಾಲ್ಕನ್ನೂ ಪಡಸಾಲೆಯಲ್ಲಿ ಹಾಸಿ, ಸೂಜಿಗೆ ದಾರ ಪೋಣಿಸಿಕೊಂಡು ಕೂತಳು. ನಾನು ತಟ್ಟೆ ತಂದು ಹೋಳಿಗೆ ಮುರಿದೆ. ಮುರಿಯುತ್ತ ಸುಮ್ಮನೆ, ಮಾತಿಗೆ ಅಂತ, ಚಳಿಗಾಲ ಬಂತಲ್ಲ, ನಿನ್ನದೆಲ್ಲಿ ಅಂತ ಕೇಳಿದೆ. ಅವಳು ತಲೆ ಎತ್ತಲಿಲ್ಲ. ಅವಳು ಹೇಳಿದ್ದನ್ನು ಅವಳು ಹೇಳಿದಂತೆಯೇ ಬರೆಯುತ್ತೇನೆ:

"ನಂದಾ? ಬಾಗಲಾ ಹಾಕ್ಕೊಂಡ ಮ್ಯಾಲ ಅಂಗಳದಾಗ ಗ್ವಾಣಿಚೀಲ ಇರತೈತೆಪ್ಪಾ."

ನನಗೆ ಅರ್ಥವಾಗಲಿಲ್ಲ. ಯಾರ ಬಾಗಿಲು, ಯಾವ ಅಂಗಳ ಅಂತ ಕೇಳಿದೆ. ಆಮೇಲೆ ಒಂದೊಂದಾಗಿ ಬಂತು. ರೊಟ್ಟಿ ಸೀದರೆ ಹೊರಗೆ, ಅತ್ತೆಗೆ ಎದುರು ಮಾತಾಡಿದರೆ ಹೊರಗೆ. ಇನ್ನೂ ಮಡಿಲು ತುಂಬಲಿಲ್ಲ ಅಂತ ಯಾರಾದರೂ ಬಂದು ಆಡಿಕೊಂಡು ಹೋದರೆ ಆ ರಾತ್ರಿಯೂ ಹೊರಗೆ. ಅಗಳಿ ಹಾಕುವವನು ಗಿರಿಯಪ್ಪನೇ. ಮೊದಲ ಸಲ ಇವಳು ಬಾಗಿಲು ಬಡಿದಳಂತೆ. ಓಣಿಯವರು ಎದ್ದು ಬಂದರಂತೆ. ಮನೆತನದ ಮರ್ಯಾದೆ ತೆಗೆದಳು ಅಂತ ಮರುದಿನವೂ ಹೊರಗೆ. ಆಮೇಲೆ ಬಡಿಯಲಿಲ್ಲವಂತೆ. ಹೋದ ವರ್ಷದ ಪುಷ್ಯಮಾಸದಲ್ಲಿ ಅವಳಿಗೆ ಕೆಮ್ಮು ಬಂದು ಎರಡು ತಿಂಗಳು ಹೋಗಲಿಲ್ಲ. ಅವಳು ನೀರು ಬದಲಾಗಿದೆ ಅಂತ ಬರೆಸಿದ್ದಳು, ನಾನು ತುಳಸಿ ಕಷಾಯ ಕುಡಿ ಅಂತ ಉತ್ತರ ಬರೆದಿದ್ದೆ.

ನಿನ್ನೆ ನೀನು ಅಷ್ಟು ಬೈದರೂ ಯಾಕೆ ಬಾಯಿ ಬಿಡಲಿಲ್ಲ ಅಂತ ಅವಳನ್ನು ಕೇಳಿದೆ. "ಹೆಬ್ಬಳ್ಳಿ ಅತ್ತಿ ಸಾಕಿದ ಹುಡುಗ ಅವರು. ಆಕಿ ಮುಂದ ಹೆಂಗ ಹೇಳ್ಲಿ?" ಅಂದಳು. ಅದು ಖರೇ. ಗಿರಿಯಪ್ಪ ನಿನ್ನ ಗಂಡನ ತಂಗಿಯ ಮಗ, ನಿನ್ನ ಮನೆಯಲ್ಲಿ ಉಂಡು ಸಾಲಿ ಕಲಿತವನು. ಇವಳು ಸೊಕ್ಕಿನಿಂದ ಗಂಡನ ಮನೆ ಬಿಟ್ಟು ಬಂದಳು ಅಂತ ಅವನು ಹೇಳಿದ್ದನ್ನು ನೀನು ನಂಬಿದೆ. ನಾನೂ ಅರ್ಧ ನಂಬಿದ್ದೆ.

ಹಾಗಾದರೆ ಹೋಗುತ್ತೀಯಾ ಅಂತ ಕೇಳಿದೆ. ಎಂಥ ಪ್ರಶ್ನೆ, ಕೇಳುವವನಿಗೇ ನಾಚಿಕೆಯಾಗುವಂಥದ್ದು. ಅವಳಂದದ್ದು ಇಷ್ಟು: "ನೀ ತುತ್ತು ಇಟ್ರ ನಾ ಹೊಲೀತೇನಿ. ಹೋಗಂದ್ರ ಹೋಗತೇನಿ. ನನ್ನ ಕೇಳಬ್ಯಾಡಪ್ಪಾ." ಹೋಳಿಗೆಯ ತುಣುಕು ನನ್ನ ಬೆರಳಲ್ಲಿತ್ತು. ತಟ್ಟೆಗೆ ಹಾಕಿ ಟೋಪಿ ಇಟ್ಟುಕೊಂಡು ಆಫೀಸಿಗೆ ಹೋದೆ. ಅಲ್ಲಿ ಕೂತರೆ ಫೈಲಿನ ಮೇಲೆಲ್ಲ ಅಗಳಿಯ ಸಪ್ಪಳ. ರಜೆ ಚೀಟಿಗೆ ಐ ಬೆಗ್ ಟು ಸ್ಟೇಟ್ ಅಂತ ಬರೆದು, ಏನು ಸ್ಟೇಟ್ ಮಾಡಬೇಕು ಅಂತ ಹೊಳೆಯದೆ ಕೂತೆ. ಹೆಡ್ ಕ್ಲಾರ್ಕ್ ಹುಚ್ಚಪ್ಪನವರು ಮುಖ ನೋಡಿ, ಮುಂದಿನದನ್ನು ನಾಳೆ ಬರೆಯಿರಿ, ಮೊದಲು ಮನೆಗೆ ನಡೆಯಿರಿ ಅಂದರು.

ಬಂದರೆ ಇವನು. ಅವಳನ್ನು ಅಂಗಳದಲ್ಲಿ ಮಲಗಿಸುತ್ತಿದ್ದೆಯಂತೆ, ಹೌದೋ ಅಲ್ಲವೋ ಅಂತ ನೇರ ಕೇಳಿದೆ, ಅಕ್ಕಾ. ಇಲ್ಲ ಅನ್ನಲಿ ಅಂತ ನಾನು ಎಷ್ಟು ಬಯಸಿದೆ ಅಂದರೆ, ಇಲ್ಲ ಅಂದಿದ್ದರೆ ಬಹುಶಃ ನಂಬಿಬಿಡುತ್ತಿದ್ದೆ. ಅವನು ಇಲ್ಲ ಅನ್ನಲಿಲ್ಲ. "ಹೆಂಗಸರಿಗಿ ಒಂದೀಟ ಹೆದರಿಕಿ ಇರಬೇಕ್ರಿ, ಮಾಂವಾರ. ಮನಿ ಮಾತು ಮನ್ಯಾಗ ಇದ್ರ ಛಲೋ" ಅಂದ. ಆಮೇಲೆ, ಇವತ್ತು ಬಂದರೆ ಬಂದಳು, ಬರದಿದ್ದರೆ ಮುಂದೆ ಎಂದೂ ಬರುವುದು ಬೇಡ, ತನ್ನ ದಾರಿ ತಾನು ನೋಡಿಕೊಳ್ಳುತ್ತೇನೆ ಅಂತ ಹೇಳಿ, ಕೌದಿ ತಯಾರಿವೆಯೇ ಅಂತಲೂ ಕೇಳಿದ. ಬಾಗಿಲಲ್ಲಿ ನಿಂತು, ಅದೇ ಉಸಿರಿನಲ್ಲಿ.

ಮದೀನಾಬಿ ಅವನಿಗೆ ಚಹಾ ಕೊಟ್ಟಿದ್ದಾಳೆ. ಕೊಟ್ಟು ಸುಮ್ಮನಿರುವವಳಲ್ಲ. ಅವಳ ಮಾತು ಇಲ್ಲಿಗೆ ಕೇಳುತ್ತಿದೆ: "ಕುಡೀರಿ ಅಳಿಯಂದ್ರ, ಹೊರಗ ಕುಂತವರಿಗಿ ಬಿಸೇದು ಬೇಕಾಗತೈತಿ. ಒಂದ ಸಂಜೀಗೇ ಹಿಂಗ ಮುದುಡೀರಿ." ಅವನು ಚಹಾದ ಬಸಿಯನ್ನು ಕಟ್ಟೆಯ ಮೇಲೆ ಕುಕ್ಕಿದ. ಈಗ ಎದ್ದು ಓಣಿಯ ನಡುವೆ ಬಂದು ನಿಂತಿದ್ದಾನೆ. ನಮ್ಮ ಬಾಗಿಲನ್ನೇ ನೋಡುತ್ತಿದ್ದಾನೆ. ನನಗೆ ಹೆದರಿಕೆ ಇಲ್ಲ ಅಂತ ಬರೆದರೆ ಸುಳ್ಳಾದೀತು. ಓಣಿಗೆ, ಜಾತಿಯ ಹಿರಿಯರಿಗೆ, ನಿನಗೆ, ಎಲ್ಲರಿಗೂ ಹೆದರುತ್ತೇನೆ. ನಾಳೆ ನಾನು ಸತ್ತರೆ ಇವಳಿಗೆ ಯಾರು ಅನ್ನುವುದೂ ಇದೆ.

ಇಲ್ಲಿಯ ತನಕ ಬರೆದು ಒಳಗೆ ಹೋಗಿ ಬಂದೆ.

ಹೋಗಿ ತಟ್ಟೆ ತೆಗೆದುಕೊಂಡು ಕೂತೆ. ನಿನ್ನ ಕೌದಿಯ ಬಾಯಿಗೆ ತುತ್ತು ಇಟ್ಟೆ. ಶೇವಂತಿ ಮೂಲೆ ಮಡಚಿ ಹೊಲಿದಳು, ಹಲ್ಲಿನಿಂದ ದಾರ ಕಡಿದಳು, ಮುಂದಿನದನ್ನು ಎಳೆದುಕೊಂಡು ನನ್ನ ಕೈ ನೋಡಿದಳು. ನಾನು ಇಡಲಿಲ್ಲ. ಅವಳು ಕಾದಳು. ಹೊರಗಿನಿಂದ ಅವನು ಹೊತ್ತಾಯಿತು ಅಂತ ಕೂಗಿದ. ನಾನು ಆ ತುಣುಕನ್ನು ಅವಳ ಕೈಗೆ ಕೊಟ್ಟು, ತಿನ್ನು ಅಂದೆ. ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಉಳಿದದ್ದನ್ನು ನಾವಿಬ್ಬರೂ ತಿಂದೆವು, ತುಪ್ಪವೂ ಇಲ್ಲದೆ. ನೀನು ಬೆಲ್ಲ ಸ್ವಲ್ಪ ಹೆಚ್ಚು ಹಾಕಿದ್ದೆ, ಚೆನ್ನಾಗಿತ್ತು.

ಮೂರು ಕೌದಿಗಳಿಗೆ ತುತ್ತಿಲ್ಲ. ಹಸಿದ ಕೌದಿ ಹೊಸ್ತಿಲು ದಾಟಬಾರದು, ನೀನೇ ಹೇಳಿದ್ದು. ಅವನ್ನು ಹೊಲಿದವಳೂ ದಾಟುವುದಿಲ್ಲ. ಪಾಡ್ಯಕ್ಕೂ ಇಲ್ಲ, ಆಮೇಲೂ ಇಲ್ಲ. ನೀನು ನನ್ನ ಮನೆಗೆ ಬರುವುದನ್ನು ಬಿಟ್ಟರೆ ಬಿಡು. ಬಂದರೆ ನಿನಗೆ ಮೊದಲಿನ ಜಾಗವೇ ಇದೆ. ಈ ಕಾಗದದ ಜೊತೆ ಬರುವ ನಿನ್ನ ಕೌದಿ ಬೆಚ್ಚಗಿದೆ, ಅದರಲ್ಲಿ ಗುಡ್ಡವ್ವನ ಮದುವೆಯ ಸೀರೆ ಇದೆ, ನಿನ್ನ ಕಾಲುನೋವಿಗೆ ಅಂತ ಶೇವಂತಿ ಒಂದು ಪದರು ಹೆಚ್ಚು ಹಾಕಿದ್ದಾಳೆ. ಇನ್ನೂ ಬರೆಯುವುದಿತ್ತು, ಆದರೆ ಬೆಳಕು ಹೋಗುತ್ತಿದೆ. ಕಾಗದದ ಗೆರೆ ಕಾಣುತ್ತಿಲ್ಲ.

ನಿನ್ನ ತಮ್ಮ,
ಹುಲಗಪ್ಪ

ತಾ.ಕ.: ಗಿರಿಯಪ್ಪಾ, ಇದು ನಿನಗೆ. ಲಕೋಟೆಗೆ ಅಂಟು ಹಚ್ಚಿಲ್ಲ. ದಾರಿಯಲ್ಲೇ ಓದುತ್ತೀ, ಓದು. ಅಕ್ಕನಿಗೆ ಅಕ್ಷರ ಬರುವುದಿಲ್ಲ. ಸಣ್ಣವನಿದ್ದಾಗಿನಿಂದ ಅವಳ ಕಾಗದಗಳನ್ನೆಲ್ಲ ಓದಿ ಹೇಳಿದವನು ನೀನೇ. ಇದನ್ನೂ ನೀನೇ ಅವಳ ಎದುರು ಕೂತು ಓದಿ ಹೇಳಬೇಕು. ಅಂಗಳದ ಮಾತು ಬಂದಾಗ ದನಿ ಇಳಿಸಬೇಡ. ಕೆಳಗೆ ಕಾರ್ಬನ್ ಇಟ್ಟು ಬರೆದಿದ್ದೇನೆ. ಆ ಪ್ರತಿ ನಾಳೆ ಟಪಾಲಿನಲ್ಲಿ ನಿಮ್ಮೂರ ಸಾಲಿಯ ಮಹಾಂತಯ್ಯ ಮಾಸ್ತರರ ಹೆಸರಿಗೆ ಬರುತ್ತದೆ. ಅವರೂ ಅಕ್ಕನಿಗೆ ಓದಿ ಹೇಳುತ್ತಾರೆ. ಎರಡೂ ಒಂದೇ ಇರಬೇಕು.