ನೂರ ಎಂಬತ್ತು ದಿನದ ಫೋರ್ಕು

ಏಪ್ರಿಲ್ 27, ಭಾನುವಾರ
ಎಂಟನೇ ದಿನ. ಅಗೆದೆ. ಹಿತ್ತಲಲ್ಲಿ ಹೂತಿಟ್ಟ, ಮಣ್ಣಲ್ಲಿ ಕರಗುತ್ತದೆನ್ನುವ ಪ್ಲಾಸ್ಟಿಕ್ ಫೋರ್ಕು ಹೊಸದರಂತಿದೆ. ಜೊತೆಗೆ ಹೂತಿದ್ದ ಆಲೂಗೆಡ್ಡೆ ಸಿಪ್ಪೆ ಮೆತ್ತಗಾಗಿದೆ, ಮೀನಿನ ಮುಳ್ಳು ಹಾಗೇ ಇದೆ. ಇರಲಿ. ಪ್ಯಾಕೆಟ್ಟಿನ ಮೇಲೆ ದಪ್ಪಕ್ಷರದಲ್ಲಿದೆ: ನೂರ ಎಂಬತ್ತು ದಿನಗಳಲ್ಲಿ ಗೊಬ್ಬರ. ನಾನು ಕೂಡಿಟ್ಟ ಪರಿಸರದ ಕರಪತ್ರಗಳೂ ಅದನ್ನೇ ಹೇಳುತ್ತವೆ. ಇದನ್ನು ನಂಬಿಯೇ ಚರ್ಚಿನ ಕಮಿಟಿಯೆದುರು ಭಾಷಣ ಮಾಡಿದ್ದು — ಪಿಂಗಾಣಿ ಪ್ಲೇಟು ತೊಳೆಯುವುದು ಬಿಡಿ, ಗೊಬ್ಬರವಾಗುವ ಪ್ಲೇಟು ತನ್ನಿ, ಹೆಂಗಸರ ಬೆನ್ನು ಉಳಿಸಿ. ಗೆದ್ದೆ. ಚರ್ಚಿನ ಅಡುಗೆಮನೆಯ ಯಜಮಾನಿ ಇರ್ಮಾ ಆಂಟಿಯೊಬ್ಬರೇ ಬೇಡವೆಂದದ್ದು.
ಅಜ್ಜಿ ಕಿಟಕಿಯಿಂದ: "ಏನೇ ಟೆಸ್, ನಿನ್ನ ಫೋರ್ಕು ಮೊಳಕೆ ಬಂತಾ?"

ಜೂನ್ 8
ಐವತ್ತನೇ ದಿನ. ಹಾಗೇ. ನಿನ್ನೆ ನಮ್ಮಜ್ಜಿಯ ಗೆಳತಿ ಮೇಬಲ್ ಅಜ್ಜಿಯ ಅಂತ್ಯಕ್ರಿಯೆ, ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಿಂದೆಲ್ಲ ಅಜ್ಜಿಯೂ ಇರ್ಮಾ ಆಂಟಿಯೂ ಸಿಂಕಿನೆದುರು ನಿಂತು, ಒಬ್ಬರು ತೊಳೆದು ಒಬ್ಬರು ಒರೆಸಿ, ಕತ್ತಲಾದ ಮೇಲೆ ಬರುತ್ತಿದ್ದರು. ನಿನ್ನೆ ಮೂರಕ್ಕೇ ಅಜ್ಜಿ ಮನೆಯಲ್ಲಿ.
"ಊಟ ಮುಗೀತು, ಪ್ಲೇಟೆಲ್ಲ ಕಸದ ಚೀಲಕ್ಕೆ ಹಾಕಿ ಕಟ್ಟಿದ್ರು, ಎಲ್ರೂ ಹೋದ್ರು. ಮೇಬಲ್ ಬಗ್ಗೆ ಯಾರೂ ಒಂದು ಮಾತಾಡ್ಲಿಲ್ಲ ಕಣೇ."
ಬೆನ್ನು ಹೇಗಿದೆ ಅಂದೆ. "ಬೆನ್ನು ಚೆನ್ನಾಗೇ ಇದೆ" ಅಂದರು. ನನ್ನ ಮುಖ ನೋಡಲಿಲ್ಲ.

ಸೆಪ್ಟೆಂಬರ್ 6
ಚರ್ಚಿನ ಹಳೇ ಸಾಮಾನಿನ ಮಾರಾಟ. ಬೆಳಗಿನಿಂದ ಹೊತ್ತಿದ್ದೇ ಹೊತ್ತಿದ್ದು. ಪಿಂಗಾಣಿ ಪ್ಲೇಟು ಕಣ್ಣಿಗೆ ಬೀಳಲಿಲ್ಲ — ಯಾರೋ ಮೊದಲೇ ಕೊಂಡಿರಬೇಕು. ಖುಷಿಯಾಗಬೇಕಿತ್ತು. ಇರ್ಮಾ ಆಂಟಿಯ ಕಾರಿಗೆ 'ಕ್ರಿಸ್ಮಸ್ ದೀಪಗಳು' ಎಂದು ಬರೆದ ಆರು ಪೆಟ್ಟಿಗೆ ಇಟ್ಟೆ. ಹಳೇ ದೀಪ ಇಷ್ಟು ಭಾರವೇ! ಕೈ ನೋವು.

ಅಕ್ಟೋಬರ್ 16, ಬೆಳಿಗ್ಗೆ
ನೂರ ಎಂಬತ್ತು. ಸಿಪ್ಪೆ ಮಣ್ಣು. ಮುಳ್ಳೂ ಕೈಗೆ ಸಿಗಲಿಲ್ಲ. ಫೋರ್ಕು ತೊಳೆದೆ — ಅದರಲ್ಲೇ ತಿಂಡಿ ತಿನ್ನಬಹುದು. ಅಜ್ಜಿಯ ಭೂತಗನ್ನಡಿ ಹಿಡಿದು ಪ್ಯಾಕೆಟ್ಟಿನ ತಳ ಓದಿದೆ: ಗೊಬ್ಬರದ ಕಾರ್ಖಾನೆಯ ಬಿಸಿಯಲ್ಲಿ ಮಾತ್ರ ಕರಗುತ್ತದೆ, ಅಂಥ ಕಾರ್ಖಾನೆ ನಿಮ್ಮ ಊರಿನಲ್ಲಿ ಇಲ್ಲದಿರಬಹುದು. ವಿಸ್ಕಾನ್ಸಿನ್ನಿನ ಈ ಮೂಲೆಗೆ ಹತ್ತಿರದ್ದೆಂದರೆ ಇನ್ನೂರು ಮೈಲಿ ದೂರ. ಪ್ರತಿ ಕರಪತ್ರವನ್ನೂ ಕೊನೆಯ ಸಾಲಿನವರೆಗೆ ಓದುವವಳು ನಾನು! ಸಂಜೆ ಕಮಿಟಿ. ಪ್ಲೇಟುಗಳು ಹೋದವು. ಸಿಂಕಿನೆದುರಿನ ಅಜ್ಜಿಯ ಜಾಗವೂ.

ಅದೇ ದಿನ, ಸಂಜೆ
ಎದ್ದು ನಿಂತು ಫೋರ್ಕು ತೋರಿಸಿದೆ. "ತಪ್ಪು ನನ್ನದು" ಅಂದೆ. ಯಾರೋ ನಕ್ಕರು.
ಇರ್ಮಾ ಆಂಟಿ: "ಕೂತ್ಕೋ ಮಗಳೇ. ನನ್ನ ಗ್ಯಾರೇಜಲ್ಲಿ ಆರು ಪೆಟ್ಟಿಗೆ ಇದೆ, ಕ್ರಿಸ್ಮಸ್ ದೀಪ ಅಂತ ಬರ್ದಿದೆ. ನೀನೇ ಹೊತ್ತು ಕಾರಿಗಿಟ್ಟೆಯಲ್ಲ."
"ಅಂದ್ರೆ... ಪ್ಲೇಟು?"
"ಇನ್ನೂರು. ಒಂದೂ ಒಡೆದಿಲ್ಲ. ಬರೆದಿದ್ದನ್ನ ನಂಬೋ ಹುಡುಗಿ ನೀನು, ನನಗೆ ಗೊತ್ತಿಲ್ವಾ?"
ಈ ಸಲ ಇಡೀ ಕೋಣೆ ನಕ್ಕಿತು. ನಾನೂ. ಕಣ್ಣು ತುಂಬಿತ್ತು. ಗೆದ್ದ ದಿನ ಅವರಿಗೆ ನಮಸ್ಕಾರವನ್ನೂ ಹೇಳಿರಲಿಲ್ಲ ನಾನು. ನನ್ನ ತಪ್ಪು ನನಗೇ ತಿಳಿಯುವವರೆಗೆ ಅವರು ಆ ಪ್ಲೇಟುಗಳನ್ನು ಕಾದಿಟ್ಟಿದ್ದರು.

ಫೆಬ್ರವರಿ 20
ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಮೊದಲ ಶುಕ್ರವಾರ, ಚರ್ಚಿನಲ್ಲಿ ಮಾಂಸ ಬಿಟ್ಟು ಮೀನಿನೂಟ. ಮೀನು ಹುರಿದ ವಾಸನೆ ಕೂದಲಲ್ಲೆಲ್ಲ. ಇನ್ನೂರು ಪಿಂಗಾಣಿ ಪ್ಲೇಟಿನಲ್ಲೂ ಊಟವಾಯಿತು. ಇರ್ಮಾ ಆಂಟಿ ತೊಳೆಯುವುದು, ಅಜ್ಜಿ ಒರೆಸುವುದು, ಜೋಡಿಸುವುದು ನಾನು. ಮೇಬಲ್ ಅಜ್ಜಿ ಮದುವೆಯ ದಿನ ಕೆರೆಗೆ ಬಿದ್ದ ಕಥೆ ಕೊನೆಗೂ ಹೊರಬಂತು. ಮಧ್ಯೆ ಹಿಟ್ಟಿನ ಚೀಲದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ದೇವರೇ, ಈ ಇಬ್ಬರು ಮುದುಕಿಯರಿಗೆ—
"ಟೆಸ್! ಬಟ್ಟೆ ಒದ್ದೆಯಾಯ್ತು, ಒಣಗಿದ್ದು ತಾರೇ!"
ಬಂದೆ ಅಜ್ಜೀ, ಬಂ