ರದ್ದಾದವರು

ಮಾರ್ಚ್ 3, ಮಧ್ಯಾಹ್ನ
ಮತ್ತೆ ರಿಲೇ ಪ್ರಾಕ್ಟೀಸ್. ಮೂರನೆಯ ಓಟ ನನ್ನದು, ಕೊನೆಯದು ರೂಮ್‌ಮೇಟ್ ಗಿಡ್ಡಿಯದು. ಹಿಂತಿರುಗಿ ನೋಡಿದಳು, ಬ್ಯಾಟನ್ ನೆಲಕ್ಕೆ. "ನನ್ನ ಮುಖ ಏನ್ ನೋಡ್ತೀಯೇ, ಕೈ ಚಾಚು!" ಎಂದು ಗದರಿದೆ.
ಅಷ್ಟರಲ್ಲಿ ವಿಶ್ವವಿದ್ಯಾಲಯದ ಸ್ಪೋರ್ಟ್ಸ್ ಡೈರೆಕ್ಟರ್ ಬಂದರು. ನಮ್ಮ ಕೋಚ್ ಮೇಡಂ ಜೊತೆ ದೂರ ನಿಂತು ಮಾತು. ಮೇಡಂ ಹಿಂದಿರುಗಿದಾಗ ಸೀಟಿ ಕೊರಳಲ್ಲಿರಲಿಲ್ಲ, ಮುಷ್ಟಿಯಲ್ಲಿತ್ತು.
ಈ ವರ್ಷದಿಂದ ಹುಡುಗಿಯರ ಅಥ್ಲೆಟಿಕ್ಸ್ ತಂಡ ರದ್ದು. ಹುಡುಗರದ್ದು ಇರುತ್ತದಂತೆ. ಮೇಡಂ ಕೆಲಸವೂ ಹೋಯಿತು.

ಮಾರ್ಚ್ 4
ನಾಲ್ವರೂ ಡೈರೆಕ್ಟರ್ ರೂಮಿಗೆ. ಗೋಡೆ ತುಂಬ ಗೆದ್ದ ತಂಡಗಳ ಫೋಟೊ. ತೀರಾ ಹಳೆಯದರಲ್ಲಿ ಮೇಡಂ ಇದ್ದಾರೆ. ಎರಡು ಜಡೆ, ಕೈಯಲ್ಲಿ ಕಪ್. ಈ ವಿಶ್ವವಿದ್ಯಾಲಯಕ್ಕೆ ಬಂದ ಮೊದಲ ಕಪ್ ಅದು. ತಂದವರು ಹುಡುಗಿಯರು.
"ಆಮೇಲೇನು ಗೆದ್ರಿ?" ಎಂದರು ಡೈರೆಕ್ಟರ್. "ಹೆಸರು ತರ್ತಿರೋದು ಹುಡುಗರು. ನೀವು ಸುಮ್ನೆ ಓದ್ಕೊಳ್ಳಿ."
"ಅವರಿಗೆ ಫಿಸಿಯೋ, ಹೊಸ ಶೂ, ಬೆಳಗಿನ ಟ್ರ್ಯಾಕು. ನಮಗೆ ಮಧ್ಯಾಹ್ನದ ಬಿಸಿಲು. ಬಿಸಿಲಿಗೆ ಯಾರು ಸರ್ ಕಪ್ ಕೊಡ್ತಾರೆ?" ಎಂದೆ.
ಬಾಗಿಲು ತೋರಿಸಿದರು.
ಅಮ್ಮನಿಗೆ ಫೋನ್ ಮಾಡಿದೆ. ಡಿಗ್ರಿ ಮುಗಿಸಿ ಬಾ ಸಾಕು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು, "ಅವರು ಬೇಡ ಅಂದ್ರೆ ನಿನ್ ಕಾಲೇನು ಬಿದ್ದೋಯ್ತಾ?" ಎಂದಳು.

ಮಾರ್ಚ್ 19
ಬರೆಯಲು ಪುರುಸೊತ್ತಿಲ್ಲ. ಮಧ್ಯಾಹ್ನ ಟ್ರ್ಯಾಕಿಗೆ ಬೀಗ. ಹಳೆ ಗೋಡೌನ್ ಹಿಂದಿನ ರಸ್ತೆಯಲ್ಲಿ ಓಟ. ಮೊಣಕಾಲು ತರಚಿದೆ. ಸಂಬಳವಿಲ್ಲದಿದ್ದರೂ ಮೇಡಂ ಸ್ಕೂಟರಿನಲ್ಲಿ ಬರುತ್ತಾರೆ. ಬೈಗುಳದಲ್ಲಿ ಮಾತ್ರ ಚೂರೂ ಕಡಿತವಿಲ್ಲ.
ಮುಂದಿನ ತಿಂಗಳು ಯಾರು ಬೇಕಾದರೂ ಓಡಬಹುದಾದ ಓಪನ್ ಮೀಟ್‌ಗೆ ಕ್ಲಬ್ ಆಗಿ ಹೋಗುತ್ತೇವೆ. ನೋಂದಣಿ ಕೌಂಟರಿನವನು "ಕ್ಲಬ್ ಹೆಸರು?" ಎಂದ. ಯೋಚಿಸಿಯೇ ಇರಲಿಲ್ಲ... ಗಿಡ್ಡಿ ಥಟ್ಟನೆ, "ರದ್ದಾದವರು. ಹಾಗೇ ಬರ್ಕೊಳ್ಳಿ."

ಏಪ್ರಿಲ್ 12, ಸಂಜೆ
ಮೈಕಿನಲ್ಲಿ "ರದ್ದಾದವರು" ಎಂದಾಗ ಇಡೀ ಗ್ಯಾಲರಿ ನಕ್ಕಿತು. ನಗಲಿ.
ಬ್ಯಾಟನ್ ಕೈಗೆ ಬಂದಾಗ ನಾವು ನಾಲ್ಕನೆಯವರು. ತಿರುವಿನಲ್ಲಿ ಒಬ್ಬಳನ್ನು ದಾಟಿದೆ. ಗಿಡ್ಡಿ ಇನ್ನೊಬ್ಬಳನ್ನು ದಾಟಿ, ಎದೆ ಮುಂದೆ ಚಾಚಿ, ಗೆರೆಯಾಚೆ ಬಿದ್ದೇಬಿಟ್ಟಳು. ಎರಡನೇ ಸ್ಥಾನ! ನಕ್ಕ ಗ್ಯಾಲರಿಯೇ ಎದ್ದು ನಿಂತು ಕೂಗಿತು. ಮೇಡಂ ಅಳುತ್ತಲೇ ಬೈದರು: "ಕೊನೇಲಿ ತಲೆ ಯಾಕೆ ಎತ್ತಿದ್ಯೇ, ಕೋತಿ!"

ಏಪ್ರಿಲ್ 15
ಡೈರೆಕ್ಟರ್ ಕರೆಸಿದರು. ಆ ರೂಮಿನಲ್ಲಿ ನಮಗೂ ಕುರ್ಚಿ ಇದೆಯೆಂದು ಇವತ್ತೇ ಗೊತ್ತಾಗಿದ್ದು. ತಂಡ ಮತ್ತೆ ಇರುತ್ತದಂತೆ. ಹೊಸ ಜೆರ್ಸಿಯಂತೆ. ಹುಡುಗರ ಕೋಚೇ ನಮಗೂ.
"ಮೇಡಂ?"
"ಅದು ಆಗದ ಮಾತು."
"ಹಾಗಾದ್ರೆ ನಾವು ಬರೋದೂ ಆಗದ ಮಾತೇ ಸರ್."
"ನೀವು ಆ ಹೆಸರಲ್ಲಿ ಓಡಿದ್ರೆ ವಿಶ್ವವಿದ್ಯಾಲಯದ ಮರ್ಯಾದೆ ಪ್ರಶ್ನೆ ಕಣಮ್ಮ..."
ಎದ್ದೆ. ಉಳಿದ ಮೂವರೂ ಎದ್ದರು.

ಏಪ್ರಿಲ್ 16, ಮುಂಜಾನೆ
ಮೇಡಂಗೆ ಸುದ್ದಿ ಮುಟ್ಟಿದೆ. ಫೋನಿನಲ್ಲಿ, "ತಲೆ ಕೆಟ್ಟಿದ್ಯಾ ನಿಮಗೆ? ಹೋಗಿ ಸೇರ್ಕೊಳ್ಳಿ ಆ ತಂಡಾನ!"
"ಆಗಲ್ಲ ಮೇಡಂ."
ಇನ್ನೊಂದಿಷ್ಟು ಬೈದರು. ಆಮೇಲೆ, "ಮತ್ತೆ ಇನ್ನೂ ಹಾಸಿಗೇಲಿ ಏನ್ ಮಾಡ್ತಿದ್ದೀರಿ?"
ಹಾಸ್ಟೆಲ್ ಗೇಟಿನಲ್ಲಿ ಮೇಡಂ ಸ್ಕೂಟರಿನ ಹಾರ್ನ್. ಗಿಡ್ಡಿ ಆಗಲೇ ಮೆಟ್ಟಿಲಿಳಿದಳು. ನನ್ನ ಎಡಗಾಲಿನ ಶೂ ಎಲ್ಲಿ—